ನೀಲಿ ಸುತ್ತಿನಲ್ಲಿ ನಿಂತ ಅಣ್ಣ

ಶ್ರೀಲಂಕಾಕ್ಕೆ ಹೋಗಿ ಬಂದೆ ಅಂದಾಗ ರಸೆಲ್ ಮಾರ್ಕೆಟ್ಟಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಸಮುದ್ರ ಹೆಂಗಿತ್ತು ಗುರು?" ಸಮುದ್ರ ಚೆನ್ನಾಗಿತ್ತು. ಆದರೆ ಅದನ್ನು ನಾನು ನೆಟ್ಟಗೆ ನೋಡಿದ್ದು ಕೊನೆಯ ಸಂಜೆ ಮಾತ್ರ. ಅಲ್ಲಿಯವರೆಗೆ ನನ್ನ ಕಣ್ಣು ಇದ್ದದ್ದು ತಂಗಿಯ ಕೈ ಮೇಲೆ. ಆ ಕೈ ನನ್ನ ಕೈಗೆ ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ ಅನ್ನುವುದನ್ನು ಬಿಟ್ಟು ಬರೆದರೆ ಈ ಪ್ರವಾಸದ ಮಾತೆಲ್ಲ ಅರ್ಧ ಸುಳ್ಳಾಗುತ್ತದೆ. ಈಗ ಎದೆ ಹಗುರಾಗಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ಏಳನೇ ಕ್ಲಾಸಿನವರೆಗೆ. ತಪ್ಪಿದ್ದ ಕಡೆ ನೀವೇ ತಿದ್ದಿಕೊಂಡು ಓದಿ.

ಹಲಸೂರು

ನಮ್ಮದು ಕಗ್ಗದಾಸಪುರದ ಹಳೆಯ ಮನೆತನ. ತಾತನ ಕಾಲದಲ್ಲಿ ಹೂವಿನ ತೋಟವಿತ್ತು. ಈಗ ತೋಟದ ಮೇಲೆ ಬಾಡಿಗೆ ಮನೆಗಳು ನಿಂತಿವೆ. ಹೂ ಬೆಳೆಯುವುದು ನಿಂತರೂ ಮಾರುವುದು ನಿಲ್ಲಲಿಲ್ಲ. ರಸೆಲ್ ಮಾರ್ಕೆಟ್ಟಿನಲ್ಲಿ ಅಪ್ಪ ಕೂರುತ್ತಿದ್ದ ಅಂಗಡಿಯಲ್ಲಿ, ಅವನು ತೀರಿಕೊಂಡ ಮೇಲೆ, ಈಗ ನಾನು ಕೂರುತ್ತೇನೆ.

ತಂಗಿ ಚಂದ್ರಿಗೆ ಹದಿನೇಳು ತುಂಬಿದೆ. ಹುಟ್ಟಿನಿಂದಲೇ ಬುದ್ಧಿ ಬೆಳೆಯುವುದು ನಿಧಾನ. ಮಾತು ಕೊಂಚ ತೊದಲು. ಗಾಬರಿಯಾದರೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಒಂದು ಸಲ ಹೇಳಿದರೆ ಮುಗಿಯಿತು, ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಾಳೆ. ಅಂಥ ಮಕ್ಕಳಿಗೆಂದೇ ಇರುವ ಹಲಸೂರಿನ ಒಂದು ಶಾಲೆಗೆ ಹೋಗುತ್ತಾಳೆ. ಅಲ್ಲಿನ ಸ್ಟೆಲ್ಲಾ ಮಿಸ್ ದಿನವೂ ಮಕ್ಕಳಿಗೆ ಮೊದಲು ಯೋಗ ಮಾಡಿಸಿ ಆಮೇಲೆ ಬಣ್ಣ ಕೊಡುತ್ತಾರೆ. "ಮೈ ಕೂತ್ಕೊಂಡ್ರೆ ಮನಸ್ಸು ಕೂತ್ಕೊಳತ್ತೆ. ಆಮೇಲೆ ಬಾಯಲ್ಲಿ ಬರದೇ ಇರೋದು ಬಣ್ಣದಲ್ಲಿ ಬರತ್ತೆ ಪಾ" ಅನ್ನುತ್ತಾರೆ. ಮೊದಮೊದಲು ನನಗೆ ನಂಬಿಕೆ ಇರಲಿಲ್ಲ. ಆದರೆ ಚಂದ್ರಿಯ ಮುಂಗೈ ಮೇಲಿನ ಹಲ್ಲಿನ ಗುರುತುಗಳು ನಿಧಾನಕ್ಕೆ ಮಾಯವಾದವು. ಅದನ್ನು ನೋಡಿದ ಮೇಲೆ ಸುಮ್ಮನಾದೆ.

ಮಿಸ್ ಕಲಿಸಿದ ಇನ್ನೊಂದು ಪಾಠ ಇದೆ. ಮಕ್ಕಳು ಕೈ ಚಾಚಿ ತಾಡಾಸನದಲ್ಲಿ ನಿಲ್ಲಬೇಕು. ಸುತ್ತ ರಂಗೋಲಿ ಪುಡಿಯಲ್ಲಿ ಮೂರು ಸುತ್ತು ಬರೆಯಬೇಕು. ಒಳಗಿನದು ಹಳದಿ. ಅಲ್ಲಿ ಅಮ್ಮ, ಅಪ್ಪ, ಅಣ್ಣ. ಅವರು ಕೈ ಹಿಡಿಯಬಹುದು, ತಬ್ಬಿಕೊಳ್ಳಬಹುದು. ನಡುವಿನ ಹಸಿರಿನಲ್ಲಿ ಮಿಸ್, ಗೆಳತಿಯರು. ಹೊರಗಿನದು ನೀಲಿ. ಅಲ್ಲಿ ಅಂಗಡಿಯವರು, ವಾಚ್‌ಮನ್, ಡ್ರೈವರ್ ಅಂಕಲ್. ಅವರಿಗೆ ದೂರದಿಂದ ನಮಸ್ಕಾರ ಮಾತ್ರ. ಕೈ ಕೊಡಬಾರದು, ತಿಂಡಿ ತಗೊಳ್ಳಬಾರದು. ನೀಲಿಯವರು "ನಾನು ನಿಮ್ಮೋನೇ ಬಾ" ಅಂದರೆ ನಂಬಬಾರದು, ಕೂಗಿ ಮಿಸ್‌ನ ಕರೆಯಬೇಕು. ಬೆಳೆದ ಹೆಣ್ಣುಮಕ್ಕಳಿರುವ ಶಾಲೆಯಲ್ಲಿ ಈ ಪಾಠಕ್ಕಿಂತ ದೊಡ್ಡದು ಯಾವುದೂ ಇಲ್ಲ. ಚಂದ್ರಿ ಇದನ್ನು ಕಲಿತು ಬಂದ ದಿನ ನಾನು ಮನೆಗೆ ಮೈಸೂರು ಪಾಕ್ ತಂದಿದ್ದೆ.

ಕೊಲಂಬೊ ಪಕ್ಕದ ದೆಹಿವಲದಲ್ಲಿ ಇಂಥದ್ದೇ ಒಂದು ಶಾಲೆ ಇದೆ. ಅವರು ನಮ್ಮ ಮಕ್ಕಳನ್ನು ಒಂದು ವಾರದ ಮಟ್ಟಿಗೆ ಕರೆದರು. ಅಲ್ಲಿ ಒಟ್ಟಿಗೆ ಯೋಗ, ಒಟ್ಟಿಗೆ ಬಾಟಿಕ್ ಬಟ್ಟೆಯ ಕೆಲಸ. ಒಂದೊಂದು ಮಗುವಿನ ಜೊತೆಗೂ ಮನೆಯವರೊಬ್ಬರು ಬರಬೇಕು. ಅಮ್ಮನಿಗೆ ಮಂಡಿ ನೋವು. ಹಾಗಾಗಿ ಅಷ್ಟು ಜನ ತಾಯಂದಿರ ನಡುವೆ ನಾನೊಬ್ಬ ಗಂಡಸು, ಹೊಸ ಬೂಟು ಕೊಂಡು ಹಾಕಿಕೊಂಡು ಹೊರಟೆ.

ಓಡುವ ಮೆಟ್ಟಿಲು

ವಿಮಾನದಲ್ಲಿ ಚಂದ್ರಿ ರಾಣಿಯ ಹಾಗೆ ಕೂತಿದ್ದಳು. ಮೋಡ ನೋಡಿ "ಅಣ್ಣಾ, ಹತ್ತಿ" ಅಂದಳು. ಶಿವಾಜಿನಗರದ ಜಬೀನಾ ಆಪಾ ಪಕ್ಕದಲ್ಲಿ ಮಗ ಇಮ್ರಾನನ ಕೈ ಹಿಡಿದು ಕಣ್ಣು ಮುಚ್ಚಿ ದುವಾ ಓದುತ್ತಿದ್ದರು. ಇಳಿಯುವವರೆಗೂ ಕಣ್ಣು ಬಿಡಲಿಲ್ಲ.

ಗಾಬರಿ ಶುರುವಾದದ್ದು ಇಳಿದ ಮೇಲೆ. ಪಾಸ್‌ಪೋರ್ಟ್ ತೋರಿಸುವ ಜಾಗಕ್ಕೆ ಎಸ್ಕಲೇಟರ್‌ನಲ್ಲಿ ಇಳಿಯಬೇಕಿತ್ತು. ಇಂದಿರಾನಗರದ ಮೆಟ್ರೊದಲ್ಲೂ ಚಂದ್ರಿ ಅದನ್ನು ಹತ್ತಿದವಳಲ್ಲ, ನಮಗೆ ಲಿಫ್ಟೇ ಗತಿ. ಇಲ್ಲಿ ಮೆಟ್ಟಿಲು ಕಾಲ ಕೆಳಗೆ ಜಾರಿ ಹೋಗುವುದನ್ನು ನೋಡಿದ್ದೇ ಅಲ್ಲೇ ಕೂತುಬಿಟ್ಟಳು. ಚಪ್ಪಲಿ ಕಿತ್ತೆಸೆದಳು. ಎತ್ತರದ ದನಿಯಲ್ಲಿ ಅಳು. ಹಿಂದೆ ಇಡೀ ವಿಮಾನದ ಜನ ನಿಂತಿದ್ದರು. ಮಿಸ್ ಉಳಿದ ಮಕ್ಕಳೊಂದಿಗೆ ಆಗಲೇ ಕೆಳಗಿದ್ದರು.

ಆ ಜನರ ನಡುವಿನಿಂದ ಒಂದು ಗುರುತಿನ ದನಿ ಬಂತು. "ಏ ರಾಜು! ನೀನೇನೋ ಇಲ್ಲಿ?"

ಇಂದಿರಾನಗರದಲ್ಲಿ ದೊಡ್ಡ ಹೋಟೆಲ್ ಇಟ್ಟಿರುವ ಸಾರ್ ಅವರು. ಅವರ ಹೋಟೆಲಿಗೆ ದಿನವೂ ಹೂ ಹೋಗುವುದು ನನ್ನ ಅಂಗಡಿಯಿಂದ. ಹೆಂಡತಿ, ಮಕ್ಕಳು, ಎಲ್ಲರ ಕಣ್ಣಿಗೂ ಕಪ್ಪು ಕನ್ನಡಕ. ನೆಲದ ಮೇಲೆ ಹೊರಳುತ್ತಿದ್ದ ಚಂದ್ರಿಯನ್ನು ನೋಡಿ ಕೇಳಿದರು, "ಈ ಹುಡುಗಿ ಯಾರು? ನಿಮ್ಮೋರಾ?"

"ಅಯ್ಯೋ ಇಲ್ಲ ಸಾರ್" ಅಂದೆ. "ಬೆಳಿಗ್ಗೆ ಹೊತ್ತು ಒಂದು ಸ್ಕೂಲ್ ವ್ಯಾನ್ ಓಡಿಸ್ತೀನಲ್ಲ, ಅವರ ಮಕ್ಕಳು. ನಾನು ಡ್ರೈವರ್ ಅಂತ ಜೊತೆಗೆ ಕಳಿಸಿದಾರೆ."

ನಾನು ಯಾವ ವ್ಯಾನನ್ನೂ ಓಡಿಸುವುದಿಲ್ಲ. ಆ ಮಾತು ಯೋಚನೆ ಮಾಡಿ ಬಂದದ್ದಲ್ಲ, ರೂಢಿಯಿಂದ ಬಂದದ್ದು. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಚಂದ್ರಿಯ ವಿಷಯ ಬಂದ ಕೂಡಲೇ ಮಾತು ತಣ್ಣಗಾಗುತ್ತಿತ್ತು. ಅದನ್ನು ನೋಡಿ ನೋಡಿ ಅಂಗಡಿಯಲ್ಲಿ ಯಾರಾದರೂ "ಮನೇಲಿ ಯಾರ್ಯಾರಿದೀರಪ್ಪ?" ಅಂದರೆ "ನಾನು, ಅಮ್ಮ" ಅಂತಷ್ಟೇ ಹೇಳುವುದನ್ನು ನಾಲಿಗೆ ಕಲಿತಿತ್ತು. ಆದರೆ ಅವಳ ಎದುರಿಗೇ ಹೇಳಿದ್ದು ಅದೇ ಮೊದಲು.

ಚಂದ್ರಿಯ ಅಳು ತಟ್ಟನೆ ನಿಂತಿತು. ನನ್ನನ್ನೇ ನೋಡಿದಳು. ಎದ್ದಳು. ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು.

"ನಮಸ್ಕಾರ ಡ್ರೈವರ್ ಅಂಕಲ್" ಅಂದಳು.

ಅಷ್ಟರಲ್ಲಿ ಮಿಸ್ ಮೇಲೆ ಬಂದರು. ಚಂದ್ರಿ ಅವರ ಕೈ ಹಿಡಿದು ಲಿಫ್ಟಿನ ಕಡೆ ಹೋದಳು. ಅವಳ ಚಪ್ಪಲಿ ನನ್ನ ಕೈಯಲ್ಲೇ ಉಳಿಯಿತು.

ದೆಹಿವಲ

ಆ ಊರಿನವರು ಯಾರನ್ನು ಕಂಡರೂ ಎರಡೂ ಕೈ ಜೋಡಿಸಿ "ಆಯುಬೋವನ್" ಅನ್ನುತ್ತಾರೆ. ತುಂಬಾ ಕಾಲ ಬಾಳಿ ಅಂತ ಅರ್ಥವಂತೆ. ನಮ್ಮ ಕಡೆ ಕೈ ಮುಗಿದರೆ ಏನೋ ಕೇಳಲು ಬಂದಿದ್ದಾನೆ ಅನ್ನಿಸುತ್ತದೆ. ಅವರಿಗೆ ಅದು ಉಸಿರಾಡಿದ ಹಾಗೆ. ಚಂದ್ರಿಗಂತೂ ಬಹಳ ಹಿಡಿಸಿತು. ಹೊಸಬರು ಯಾರೂ ಮೈ ಮೇಲೆ ಬರುವುದಿಲ್ಲ, ಗಲ್ಲ ಹಿಂಡುವುದಿಲ್ಲ, ಎಲ್ಲರೂ ದೂರದಿಂದ ನಮಸ್ಕಾರ. ಇಡೀ ಊರೇ ಮಿಸ್ ಹೇಳಿದ ಪಾಠ ಕಲಿತು ಕೂತ ಹಾಗಿತ್ತು.

ಜೀಬ್ರಾ ಗೆರೆ ಮೇಲೆ ಕಾಲಿಟ್ಟರೆ ಬಸ್ಸು ನಿಲ್ಲುತ್ತದೆ. ಮೊದಲ ದಿನ ಬಸ್ಸು ನಿಂತಾಗ ನಾವೂ ನಿಂತೆವು. ಅವನು ಮೊದಲು ಹೋಗಲಿ ಅಂತ ನಾವು, ನಾವು ಹೋಗಲಿ ಅಂತ ಅವನು. ಕೊನೆಗೆ ಆ ಡ್ರೈವರ್ರೇ ತಲೆ ಹೊರಗೆ ಹಾಕಿ ನಕ್ಕ. ಓಲ್ಡ್ ಮದ್ರಾಸ್ ರೋಡಿನಲ್ಲಿ ಬೆಳೆದವರಿಗೆ ಬಸ್ಸಿನ ಮರ್ಯಾದೆ ಅರ್ಥವಾಗುವುದಕ್ಕೆ ಸಮಯ ಬೇಕು.

ಊಟದ್ದು ಬೇರೆ ಕತೆ. ತೆಂಗಿನಕಾಯಿ ಚಟ್ನಿ ಅಂತ ನಮ್ಮ ತಾಯಂದಿರು ಒತ್ತುಶಾವಿಗೆ ಜೊತೆ ಎರಡೆರಡು ಸಲ ಹಾಕಿಸಿಕೊಂಡರು. ಅದರಲ್ಲಿ ಒಣಮೀನಿನ ಪುಡಿ ಇದೆ ಅಂತ ಗೊತ್ತಾದಾಗ ಒಬ್ಬರು ತಟ್ಟೆ ತಳ್ಳಿದರು. ಜಬೀನಾ ಆಪಾ ಅದನ್ನು ತಮ್ಮ ಕಡೆ ಎಳೆದುಕೊಂಡು, "ನಿಮ್ಮ ದೇವ್ರಿಗೆ ನಾನ್ ಹೇಳ್ತೀನಿ ಅಕ್ಕಾ, ಗೊತ್ತಿಲ್ದೆ ತಿಂದ್ರು ಅಂತ. ಗೊತ್ತಿದ್ದು ಬಿಸಾಕೋದು ಯಾಕೆ?" ಅಂದರು.

ಎಲ್ಲರೂ ನಗುತ್ತಿದ್ದರು. ನನ್ನ ತಟ್ಟೆಯಿಂದ ನಾನು ಚಂದ್ರಿಗೆ ಬಾಳೆಹಣ್ಣು ಕೊಡಲು ಹೋದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು. "ಬೇಡ ಅಂಕಲ್. ಥ್ಯಾಂಕ್ಯೂ."

"ಅಂಕಲ್ಲಾ?" ಅಂದರು ಮಿಸ್.

"ಡ್ರೈವರ್ ಅಂಕಲ್" ಅಂತ ಚಂದ್ರಿ ತಿದ್ದಿದಳು.

ಆಟ ಅಂದುಕೊಂಡು ಎಲ್ಲರೂ ಇನ್ನಷ್ಟು ನಕ್ಕರು. "ರಾಜು ಭಾಯ್, ಗಾಡಿ ತೆಗೀರಿ, ಶಿವಾಜಿನಗರ ಹೋಗ್ಬೇಕು!" ಅಂದರು ಜಬೀನಾ ಆಪಾ. ನಾನೂ ನಕ್ಕೆ. ಆಮೇಲೆ ಮಿಸ್ ಪಕ್ಕಕ್ಕೆ ಕರೆದು, "ಜಗಳ ಆಡಿದ್ರಾ?" ಅಂತ ಕೇಳಿದಾಗ, "ಇಲ್ಲ ಮಿಸ್, ಹೊಸ ಊರಲ್ವಾ" ಅಂದೆ. ಹೇಳಿಬಿಡಬಹುದಿತ್ತು.

ಬೆಳಗಿನ ಯೋಗವನ್ನು ಅಲ್ಲಿಯ ಕುಸುಮಾ ಅಕ್ಕ ಹೇಳಿಕೊಡುತ್ತಿದ್ದರು. ಅಲ್ಲೂ ಅಕ್ಕನಿಗೆ ಅಕ್ಕ ಅಂತಲೇ ಅನ್ನುತ್ತಾರೆ. ಬಿಳಿ ಸೀರೆ, ದೊಡ್ಡ ಮೈ, ಬೆಕ್ಕಿನ ಹಾಗೆ ಬಾಗುತ್ತಿದ್ದರು. ಮಕ್ಕಳ ಕೈಗೆ ಒಂದೊಂದು ದೇವಕಣಗಿಲೆ ಹೂ ಕೊಟ್ಟು, "ಹೂ ಮೂಸಿ, ಈಗ ದೀಪ ಊದಿ" ಅಂತ ಉಸಿರಾಟ ಮಾಡಿಸುತ್ತಿದ್ದರು. ದೀಪ ನಿಜಕ್ಕೂ ಇರುವುದಿಲ್ಲ, ಇದೆ ಅಂದುಕೊಂಡು ಊದಬೇಕು. ದೊಡ್ಡವರಿಗೂ ಹೂ ಕೊಟ್ಟರು. ನಾನು ಹಿಡಿದುಕೊಂಡು ಕೂತೆ. ಹೂವಿನ ಅಂಗಡಿಯಲ್ಲಿ ಬೆಳೆದವನು ಹೂ ಮೂಸುವುದಿಲ್ಲ. ದೇವರಿಗೆ ಹೋಗುವ ಹೂವನ್ನು ಮೂಗಿನ ಹತ್ತಿರ ತಂದರೆ ಅಪ್ಪ ಕೈ ಮೇಲೆ ಬಾರಿಸುತ್ತಿದ್ದ. ಎಲ್ಲರೂ ಉಸಿರು ಬಿಡುವಾಗ ನಾನು ಕಟ್ಟಿಕೊಂಡು ಕೂತಿದ್ದೆ. ಆ ಕಡೆ ಚಂದ್ರಿ ಕಣ್ಣು ಮುಚ್ಚಿ ಹಾಯಾಗಿ ದೀಪ ಊದುತ್ತಿದ್ದಳು. ಅವಳಿಗೆ ನನ್ನ ಮೇಲೆ ಕೋಪವೇ ಇರಲಿಲ್ಲ. ನಾನು ಹೇಳಿದ ಜಾಗದಲ್ಲಿ ನನ್ನನ್ನು ಇಟ್ಟಿದ್ದಳು, ಅಷ್ಟೇ.

ಪೆಟ್ಟಾ

ಕೊಲಂಬೊದ ಪೆಟ್ಟಾ ಬಜಾರಿಗೆ ಕಾಲಿಟ್ಟಾಗ ನನಗೆ ಊರಿಗೆ ಬಂದ ಹಾಗಾಯಿತು. ಶಿವಾಜಿನಗರವನ್ನು ಎತ್ತಿ ಸಮುದ್ರದ ಪಕ್ಕ ಇಟ್ಟಂತಿತ್ತು. ಅದೇ ತಮಿಳು, ಅದೇ ಅಜಾನ್, ಅದೇ ಬಟ್ಟೆ ಅಂಗಡಿಗಳ ಕೂಗಾಟ, ಮೂಟೆ ಹೇರಿದ ಅದೇ ತಳ್ಳುಗಾಡಿಗಳು. ಬಾಟಿಕ್ ಕೆಲಸಕ್ಕೆ ಬಿಳಿ ಬಟ್ಟೆ ತರಲು ಹೋಗಿದ್ದೆವು.

ಚಂದ್ರಿ ಒಂದು ಗೊಂಬೆ ಅಂಗಡಿಯ ಮುಂದೆ ನಿಂತುಬಿಟ್ಟಳು. ಹಿಂದಿನಿಂದ ಮೂಟೆಯ ಗಾಡಿ ಇಳಿಜಾರಿನಲ್ಲಿ ಬರುತ್ತಿತ್ತು. ಎಳೆಯುತ್ತಿದ್ದವನು ಕೂಗುತ್ತಿದ್ದ. ನಾನು ಓಡಿ ಅವಳ ಕೈ ಹಿಡಿದು ಎಳೆದೆ.

ಅವಳು ಕಲಿತದ್ದನ್ನು ಕಲಿತ ಹಾಗೇ ಮಾಡಿದಳು. "ಬೇಡ! ಮುಟ್ಬೇಡಿ! ಮಿಸ್! ಮಿಸ್!"

ಅವಳ ಗಂಟಲಿಗೆ ಇಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಸುತ್ತ ಜನ ಕಟ್ಟಿತು. ಯಾರೋ ನನ್ನ ಕಾಲರ್ ಹಿಡಿದರು. ತಮಿಳಿನಲ್ಲಿ "ಎನ್ ತಂಗಚ್ಚಿ ಅಣ್ಣಾ, ಎನ್ ತಂಗಚ್ಚಿ" ಅಂದೆ. ಬಟ್ಟೆ ಅಂಗಡಿಯ ಒಬ್ಬ ಹಿರಿಯರು ಮುಂದೆ ಬಂದರು. ನನ್ನನ್ನು ನಂಬಲಿಲ್ಲ, ಸರಿಯಾಗೇ ಮಾಡಿದರು. ಚಂದ್ರಿಯ ಕಡೆ ತಿರುಗಿ, ನನ್ನನ್ನು ತೋರಿಸಿ, ಯಾರು ಇವನು ಅಂತ ಕೈಯಲ್ಲೇ ಕೇಳಿದರು.

"ಡ್ರೈವರ್ ಅಂಕಲ್" ಅಂದಳು.

ಅವಳ ಕನ್ನಡ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈ ಎರಡು ಮಾತು ಎಲ್ಲರಿಗೂ ತಿಳಿಯಿತು. ಕಾಲರ್ ಇನ್ನೂ ಬಿಗಿಯಾಯಿತು. ಕೆನ್ನೆಗೆ ಒಂದು ಬಿತ್ತು ಕೂಡ.

ಮಿಸ್ ಜನರನ್ನು ಸೀಳಿಕೊಂಡು ಬಂದು, ತಮ್ಮ ಕಂಟೋನ್ಮೆಂಟ್ ತಮಿಳಿನಲ್ಲಿ ಎಲ್ಲರಿಗೂ ಸಮಾಧಾನ ಹೇಳಿ, ಚೀಲದಿಂದ ನಮ್ಮಿಬ್ಬರ ಪಾಸ್‌ಪೋರ್ಟ್ ತೆಗೆದು ತಂದೆಯ ಹೆಸರು ಒಂದೇ ಅಂತ ತೋರಿಸಿದ ಮೇಲೆ ಬಿಟ್ಟರು. ಆ ಹಿರಿಯರು ನನ್ನ ಶರ್ಟು ಸರಿ ಮಾಡಿ ಕೈ ಮುಗಿದರು. ನಾನೂ ಮುಗಿದೆ.

ಮಿಸ್ ಒಂದು ಟೀ ಅಂಗಡಿಯ ಬೆಂಚಿನಲ್ಲಿ ನನ್ನನ್ನು ಕೂರಿಸಿದರು. "ಅವಳು ನೂರಕ್ಕೆ ನೂರು ಕರೆಕ್ಟಾಗಿ ಮಾಡಿದಾಳೆ. ನಂಗೆ ಹೆಮ್ಮೆ. ಆದ್ರೆ ನೀನು ನೀಲಿಗೆ ಹೆಂಗೆ ಹೋದೆ? ಅವಳಾಗೇ ಯಾರನ್ನೂ ಆಚೆ ಹಾಕೋಳಲ್ಲ. ಏನ್ ಮಾಡ್ದೆ ಪಾ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಸಾರ್, ಕಪ್ಪು ಕನ್ನಡಕ, ವ್ಯಾನು, ಹೆಣ್ಣು ನೋಡಲು ಹೋದ ಮನೆಗಳು. ಮಿಸ್ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ನೀವೇ ಒಂದು ಮಾತು ಹೇಳಿಬಿಡಿ ಮಿಸ್" ಅಂದೆ. "ಇವನು ಅಣ್ಣಾನೇ, ಕೈ ಹಿಡ್ಕೋ ಅಂತ. ನೀವಂದ್ರೆ ಕೇಳ್ತಾಳೆ."

"ಕೇಳ್ತಾಳೆ. ಅದಕ್ಕೇ ಹೇಳಲ್ಲ" ಅಂದರು. "ಇವತ್ತು ನಾನ್ ಹೇಳ್ದೆ ಅಂತ ಒಬ್ಬನ ಕೈ ಹಿಡಿದ್ರೆ, ನಾಳೆ ಇನ್ಯಾರೋ ಹೇಳಿದ್ರು ಅಂತ ಇನ್ನೊಬ್ಬನ ಕೈ ಹಿಡೀತಾಳೆ. ಕೈ ಅವಳದ್ದು. ನೀನೇ ಹೋಗಿ ನೀಲಿಗೆ ನಿಂತಿದೀಯ. ಅಲ್ಲಿ ನಿಂತ್ಕೊಂಡೇ ಕೇಳು."

ಬಾಟಿಕ್ ಚಪ್ಪರ

ಶಾಲೆಯ ಹಿಂದೆ ತಗಡಿನ ಚಪ್ಪರದಲ್ಲಿ ಬಾಟಿಕ್ ಕೆಲಸ. ಕರಗಿಸಿದ ಮೇಣದಿಂದ ಬಿಳಿ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಾರೆ. ಆಮೇಲೆ ಬಣ್ಣದ ತೊಟ್ಟಿಯಲ್ಲಿ ಅದ್ದುತ್ತಾರೆ. ಮೇಣ ಇದ್ದ ಕಡೆ ಬಣ್ಣ ಹತ್ತುವುದಿಲ್ಲ. ಬಿಸಿ ಮೇಣ ಅಂದರೆ ನಮಗೆಲ್ಲ ಭಯ. ಆದರೆ ಅಲ್ಲಿಯ ಮಕ್ಕಳು ಅದರ ಹತ್ತಿರ ಹೋಗುವ ಮುಂಚೆ ತಾವಾಗಿಯೇ ನಿಂತು ದೀಪ ಊದುತ್ತಿದ್ದರು. ಉಸಿರು ಇಳಿದ ಮೇಲೆ ಕುಂಚ ಎತ್ತುತ್ತಿದ್ದರು. ಇಮ್ರಾನನ ಕೈ ಸದಾ ನಡುಗುತ್ತದೆ. ಅವನು ಎಳೆದ ಗೆರೆಯೂ ನಡುಗಿತ್ತು. ಬಣ್ಣದಿಂದ ತೆಗೆದಾಗ ಅದು ಅಲೆಯ ಹಾಗೆ ಕಾಣಿಸಿತು. ಜಬೀನಾ ಆಪಾ ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರು.

ಚಂದ್ರಿ ನೆಲದ ಮೇಲೆ ದೊಡ್ಡ ಬಟ್ಟೆ ಹಾಸಿಕೊಂಡು ಮೂರು ಸುತ್ತು ಬರೆದಿದ್ದಳು. ನಡುವೆ ತಾನು ನಿಂತಿದ್ದಳು. ನಾನು ಬೂಟು ಕಳಚಿ ಹೊರಗಿನ ಸುತ್ತಿನ ಅಂಚಿನಲ್ಲಿ ನಿಂತೆ. ತಾಯಂದಿರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಮಿಸ್ ಯಾರಿಗೂ ಏನೂ ಹೇಳಿರಲಿಲ್ಲ.

"ಚಂದ್ರಿ, ನಾನು ಡ್ರೈವರ್ ಅಲ್ಲ" ಅಂದೆ. "ಅವತ್ತು ಸುಳ್ಳು ಹೇಳ್ದೆ."

"ಮೆಟ್ಟಿಲ ಹತ್ರ" ಅಂದಳು. ನೆನಪಿತ್ತು.

"ಹೂಂ. ಮೆಟ್ಟಿಲ ಹತ್ರ."

"ಯಾಕೆ ಸುಳ್ಳು?"

"ನೀನು ಅಳ್ತಿದ್ದೆ. ಎಲ್ರೂ ನೋಡ್ತಿದ್ರು. ನಂಗೆ ನಾಚಿಕೆ ಆಯ್ತು. ನಮ್ಮೋಳಲ್ಲ ಅಂದ್ಬಿಟ್ಟೆ."

ಯಾರೋ ತಾಯಿ "ಅಯ್ಯೋ" ಅಂದದ್ದು ಕೇಳಿಸಿತು. ಚಂದ್ರಿ ಯೋಚನೆ ಮಾಡಿದಳು. ಅವಳು ಯೋಚಿಸುವಾಗ ಕೆಳತುಟಿ ಮುಂದೆ ಬರುತ್ತದೆ.

"ನಂಗೆ ಭಯ ಆಯ್ತು. ಅದಕ್ಕೆ ಅತ್ತೆ" ಅಂದಳು.

"ಗೊತ್ತು. ನಂಗೂ ಭಯಾನೇ."

"ಭಯ ಆದ್ರೆ ಹೂ ಮೂಸ್ಬೇಕು. ಸುಳ್ಳು ಹೇಳ್ಬಾರ್ದು." ತನ್ನ ಜಡೆಯಲ್ಲಿದ್ದ ದೇವಕಣಗಿಲೆ ತೆಗೆದು ಸುತ್ತಿನ ಆಚೆ ನನ್ನ ಕಾಲ ಹತ್ತಿರ ಎಸೆದಳು. ಕೈಗೆ ಕೊಡಲಿಲ್ಲ. "ಮೂಸು."

ಮೂಸಿದೆ. ಇಷ್ಟು ವರ್ಷ ಹೂ ಮಾರಿದವನಿಗೆ ಹೂವಿನ ವಾಸನೆ ಮೂಗಿನ ತುದಿಗೆ ಬಂದದ್ದು ಅದೇ ಮೊದಲು. "ದೀಪ ಊದು" ಅಂದಳು. ಊದಿದೆ. "ಇನ್ನೊಂದ್ಸಲ." ಎಷ್ಟು ಸಲ ಊದಿಸಿದಳೋ, ಕೊನೆಗೆ ತಲೆ ತಿರುಗಿತು. ಜಬೀನಾ ಆಪಾ ಕಣ್ಣು ಒರೆಸಿಕೊಳ್ಳುತ್ತಲೇ, "ಬಿಡಮ್ಮಾ ಚಂದ್ರಿ, ಬಲೂನ್ ಒಡೆದೋಗತ್ತೆ" ಅಂದರು.

"ಈಗ ಕೈ ಕೊಡ್ತೀಯಾ?" ಅಂತ ಕೇಳಿದೆ.

"ನೋಡೋಣ" ಅಂದಳು. ಅದು ಅಮ್ಮ ಮನೆಯಲ್ಲಿ ಹೇಳುವ ಮಾತು. ಅಮ್ಮ ಹಾಗಂದರೆ ಆಗುವುದೂ ಉಂಟು, ಆಗದಿರುವುದೂ ಉಂಟು.

ಇಂದಿರಾನಗರದ ಸಾರ್‌ಗೂ ಊರಿಗೆ ಬಂದ ಮೇಲೆ ಹೋಗಿ ಹೇಳಿದೆ, ಅವತ್ತಿನ ಹುಡುಗಿ ನನ್ನ ಸ್ವಂತ ತಂಗಿ ಅಂತ. "ಯಾವ ಹುಡುಗಿ?" ಅಂದರು. ಅವರಿಗೆ ನೆನಪೇ ಇರಲಿಲ್ಲ.

ರೈಲು ಹಳಿ

ಕೊನೆಯ ಸಂಜೆ ಸಮುದ್ರಕ್ಕೆ ಹೊರಟೆವು. ದೆಹಿವಲದಲ್ಲಿ ಊರಿಗೂ ಸಮುದ್ರಕ್ಕೂ ನಡುವೆ ರೈಲು ಹಳಿ ಇದೆ. ನಮ್ಮ ಕಗ್ಗದಾಸಪುರದಲ್ಲಿ ಗೇಟು ಹಾಕಿದ್ದರೂ ಬೈಕುಗಳು ಬಗ್ಗಿ ನುಗ್ಗುತ್ತವೆ. ಅಲ್ಲಿ ನಾವು ದಾಟಿದ ಕಡೆ ಗೇಟೇ ಇರಲಿಲ್ಲ. ಜನ ಹಳಿ ಮೇಲೆ ಮನೆಯ ಅಂಗಳದಂತೆ ನಡೆಯುತ್ತಿದ್ದರು. ಒಬ್ಬಾಕೆ ಅಲ್ಲೇ ನಿಂತು ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. ದೂರದಲ್ಲಿ ಸಿಳ್ಳೆ ಕೇಳಿದ ಮೇಲೆ ಆರಾಮಾಗಿ ಪಕ್ಕಕ್ಕೆ ಸರಿದಳು.

ಮಿಸ್ ಮತ್ತು ಉಳಿದವರು ದಾಟಿದರು. ಚಂದ್ರಿ ಹಳಿ ನೋಡಿ ನಿಂತಳು. ಇಮ್ರಾನನ ಕೈ ಹಿಡಿದು ಹೊರಟಿದ್ದ ಜಬೀನಾ ಆಪಾ "ಬಾ ಬೇಟಾ" ಅಂದರು. ಅವಳು ಕದಲಲಿಲ್ಲ. ಸಿಳ್ಳೆ ಬಂತು. ಅವರು ಆ ಕಡೆಗೆ ಓಡಿದರು, ನಾವಿಬ್ಬರು ಈ ಕಡೆ ಉಳಿದೆವು. ನಡುವೆ ರೈಲು ಬಂತು.

ಉದ್ದದ ರೈಲು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ನೆಲ ನಡುಗುತ್ತಿತ್ತು. ಆ ಕಡೆಯ ಮಿಸ್ ಕಾಣಿಸುತ್ತಿರಲಿಲ್ಲ, ಅವರ ದನಿಯೂ ಇಲ್ಲ. ಚಂದ್ರಿ ಮುಂಗೈಯನ್ನು ಬಾಯಿಯ ಹತ್ತಿರ ತಂದಳು. ನನ್ನ ಕೈ ತಾನಾಗಿಯೇ ಮೇಲೆದ್ದಿತು. ನಾನು ಅದನ್ನು ಹಿಡಿದು ನಿಲ್ಲಿಸಿದೆ. ಅವಳಿಂದ ಒಂದು ತೋಳಿನಷ್ಟು ದೂರದಲ್ಲಿ ನಿಂತೆ. ಪೆಟ್ಟಾದಲ್ಲಿ ಬಿದ್ದ ಏಟಿಗಿಂತ ಆ ಒಂದು ತೋಳಿನ ದೂರ ಜಾಸ್ತಿ ನೋಯಿಸಿತು.

ರೈಲು ಹೋಯಿತು. ಅವಳು ಕಚ್ಚಿಕೊಂಡಿರಲಿಲ್ಲ. ಕೆನ್ನೆ ಉಬ್ಬಿಸಿ ಗಾಳಿಯಲ್ಲಿ ಒಂದು ದೀಪ ಊದಿದಳು. ಇನ್ನೊಂದು ಊದಿದಳು. ಹಳಿ ನೋಡಿದಳು, ಆ ಕಡೆಯ ಮಿಸ್‌ನ ನೋಡಿದಳು, ನನ್ನ ಕಡೆ ತಿರುಗಿದಳು.

"ಅಣ್ಣಾ" ಅಂದಳು. "ಕೈ ಕೊಡು. ಬೇಗ."

ಕೊಟ್ಟೆ. ಹಳಿ ದಾಟಿದೆವು. ಮರಳಿಗೆ ಬಂದ ಮೇಲೂ ಅವಳು ಬಿಡಲಿಲ್ಲ. ನೇರ ನೀರಿನ ಕಡೆ ಎಳೆದಳು.

"ರಾಜು ಭಾಯ್, ಬೂಟು! ಹೊಸಾ ಬೂಟು!" ಅಂತ ಜಬೀನಾ ಆಪಾ ಹಿಂದಿನಿಂದ ಕೂಗಿದರು.

ಲೇಸು ಬಿಚ್ಚಲು ಎರಡು ಕೈ ಬೇಕು. ನನ್ನ ಹತ್ತಿರ ಒಂದೇ ಇತ್ತು. ಬೂಟು ಹಾಕಿಕೊಂಡೇ ಸಮುದ್ರಕ್ಕೆ ಇಳಿದೆ.